ಕುರಿ–ಮೇಕೆಗಳ ಕೀವುಗಡ್ಡೆ ರೋಗ ಮತ್ತು ಅದರ ಪ್ರತಿಕಾಯಗಳು

ಕೀವುಗಡ್ಡೆ ರೋಗವೆಂದರೆ ಕೊರಿನೆಬ್ಯಾಕ್ಟೀರಿಯಂ ಸ್ಯೂಡೊಟ್ಯೂಬರ್‌ಕ್ಯುಲೋಸಿಸ್ ಎಂಬ ಬ್ಯಾಕ್ಟೀರಿಯಾ ಕುರಿ ಮತ್ತು ಮೇಕೆಗಳ ದುಗ್ಧಗ್ರಂಥಿಗಳಲ್ಲಿ ನೆಲೆಸಿ, ಗಟ್ಟಿ ಕೀವು ತುಂಬಿದ ಗಡ್ಡೆಗಳನ್ನು ಉಂಟುಮಾಡುವ ದೀರ್ಘಕಾಲದ ಅಂಟುರೋಗ. ಪಶುವೈದ್ಯರು ಇದನ್ನು ಕೇಸಿಯಸ್ ಲಿಂಫಡೆನೈಟಿಸ್ ಅಥವಾ ಚಿಕ್ಕದಾಗಿ ಸಿಎಲ್‌ಎ ಎನ್ನುತ್ತಾರೆ. ಸೋಂಕು ತಗುಲಿದ ಪ್ರಾಣಿಯ ರಕ್ತದಲ್ಲಿ ಈ ರೋಗಾಣುವಿನ ಹಾಗೂ ಅದು ಸ್ರವಿಸುವ ವಿಷದ ವಿರುದ್ಧ ತಯಾರಾಗುವ ಪ್ರೋಟೀನುಗಳೇ ಪ್ರತಿಕಾಯಗಳು. ಅವು ಹೇಗೆ ಹುಟ್ಟುತ್ತವೆ, ಏನು ಮಾಡುತ್ತವೆ, ಅವನ್ನು ಅಳೆದು ಮಂದೆಯ ರೋಗವನ್ನು ಹೇಗೆ ತಿಳಿಯಬಹುದು ಎಂಬುದನ್ನು ತುಮಕೂರು ಸೀಮೆಯ ಹಿನ್ನೆಲೆಯಲ್ಲಿ ನೋಡುವುದು ಈ ಲೇಖನದ ಮುಖ್ಯ ವಿಷಯ. ಬೇರೆ ರೋಗಾಣುಗಳಿಂದ ಏಳುವ ಕುರುಗಳಿಗೆ ಇಲ್ಲಿ ಕೀವುಗಡ್ಡೆ ಎಂಬ ಹೆಸರನ್ನು ಬಳಸಿಲ್ಲ.

ತುಮಕೂರು ಸೀಮೆಯ ಹಿನ್ನೆಲೆ

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳೂ 61 ಲಕ್ಷಕ್ಕೂ ಹೆಚ್ಚು ಮೇಕೆಗಳೂ ಇದ್ದವು. ಕುರಿಗಳ ಸಂಖ್ಯೆಯಲ್ಲಿ ತೆಲಂಗಾಣ, ಆಂಧ್ರಪ್ರದೇಶಗಳ ನಂತರದ ಸ್ಥಾನ ರಾಜ್ಯದ್ದು. ತುಮಕೂರು ಜಿಲ್ಲೆ ಕುರಿಸಾಕಣೆಯ ಹಳೆಯ ಸೀಮೆ. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಒಣನೆಲದಲ್ಲಿ ಕುರುಬರು, ಕಾಡುಗೊಲ್ಲರು ಮತ್ತಿತರ ಸಮುದಾಯಗಳು ಮಂದೆ ಕಾಯ್ದು ಬದುಕಿವೆ. ಗುಬ್ಬಿ, ಕುಣಿಗಲ್ ಕಡೆಯ ತೆಂಗು–ಅಡಿಕೆ ತೋಟಗಳ ನಡುವೆ ಮಂದೆಗಳು ಚಿಕ್ಕವು. ಮನೆಗೆ ನಾಲ್ಕಾರು ಕುರಿ ಅಥವಾ ಮೇಕೆ ಇರುವುದು ಸಾಮಾನ್ಯ. ಈ ಭಾಗದ ಮೇಕೆಗಳಲ್ಲಿ ನಂದಿದುರ್ಗ ತಳಿ ಹೆಸರಾದುದು.

ರೋಗದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಪ್ರಾಣಿಗಳ ಓಡಾಟ. ಶಿರಾ, ಅಕ್ಕಿರಾಂಪುರದಂಥ ಸಂತೆಗಳಲ್ಲಿ ಬೇರೆ ಬೇರೆ ಊರಿನ ಮಂದೆಗಳು ಒಂದೆಡೆ ಸೇರುತ್ತವೆ. ಕೊಂಡ ಮರಿಗಳು ಗೂಡ್ಸ್ ವಾಹನ ಏರಿ ತುಮಕೂರಿನ ಬಟವಾಡಿಯ ಪಕ್ಕದ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗುತ್ತವೆ, ಇಲ್ಲವೇ ಸಾಕಲೆಂದು ಇನ್ನೊಬ್ಬರ ರೊಪ್ಪ (ಕುರಿದೊಡ್ಡಿ) ಸೇರುತ್ತವೆ. ಕೀವುಗಡ್ಡೆ ರೋಗ ಒಂದು ಮಂದೆಯಿಂದ ಇನ್ನೊಂದಕ್ಕೆ ದಾಟುವುದು ಮುಖ್ಯವಾಗಿ ಹೀಗೆಯೇ: ಹೊರಗೆ ಗಡ್ಡೆ ಕಾಣದ, ಒಳಗೆ ಸೋಂಕಿರುವ ಪ್ರಾಣಿಯನ್ನು ಕೊಂಡು ತರುವುದರಿಂದ. ಬ್ರಿಟನ್ನಿನಲ್ಲಿ ಈ ರೋಗ ಮೊದಲು ಪತ್ತೆಯಾದದ್ದು 1990ರಲ್ಲಿ, ಜರ್ಮನಿಯಿಂದ ತರಿಸಿದ ಮೇಕೆಗಳ ಸಂಬಂಧದಿಂದ. ಮುಂದೆ ಅದು ಅಲ್ಲಿನ ಕುರಿಮಂದೆಗಳಿಗೂ ಹಬ್ಬಿತು. ಕಣ್ಣಿಗೆ ಕಾಣದ ಸೋಂಕನ್ನು ಹಿಡಿಯಲು ಉಳಿದಿರುವ ಮುಖ್ಯ ದಾರಿ ರಕ್ತದ ಪ್ರತಿಕಾಯ ಪರೀಕ್ಷೆ.

ರೋಗಾಣು

ಫ್ರಾನ್ಸಿನ ಎಡ್ಮಂಡ್ ನೊಕಾರ್ 1888ರಲ್ಲಿ ಒಂದು ಹಸುವಿನಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. 1891ರಲ್ಲಿ ಹಂಗೆರಿಯ ಪ್ರೈಸ್ ಕುರಿಯಲ್ಲಿ ಅದೇ ಬಗೆಯ ರೋಗಾಣುವನ್ನು ಕಂಡ. ಇಬ್ಬರ ಹೆಸರಿನಲ್ಲಿ ಬಹುಕಾಲ ಪ್ರೈಸ್–ನೊಕಾರ್ ಬ್ಯಾಸಿಲಸ್ ಎಂದೇ ಕರೆಯುತ್ತಿದ್ದರು. ಕೊರಿನೆಬ್ಯಾಕ್ಟೀರಿಯಂ ಓವಿಸ್ ಎಂಬ ಹೆಸರೂ ಬಳಕೆಯಲ್ಲಿತ್ತು. ಗಂಟಲಮಾರಿ ರೋಗಾಣುವಿನ ಕುಲಕ್ಕೇ ಸೇರಿದ ಇದು ಗ್ರಾಂ ಧನಾತ್ಮಕ. ಆಕಾರ ಒಂದೇ ಸಮನಲ್ಲ, ಗುಂಡಗೂ ಇರುತ್ತದೆ, ಸಣ್ಣ ಕಡ್ಡಿಯಾಗಿಯೂ ಇರುತ್ತದೆ. ಚಲನೆಯಿಲ್ಲ, ಬೀಜಕಣವಿಲ್ಲ. ಹಾಗಿದ್ದೂ ನೆರಳಿನ ಮಣ್ಣು, ಗೊಬ್ಬರ, ಮರದ ಗೂಟಗಳಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು.

ಇದರಲ್ಲಿ ಎರಡು ಜೈವಿಕ ಪ್ರಭೇದಗಳಿವೆ. ನೈಟ್ರೇಟನ್ನು ಅಪಕರ್ಷಿಸದ ಓವಿಸ್ ಪ್ರಭೇದ ಕುರಿ–ಮೇಕೆಗಳದ್ದು. ನೈಟ್ರೇಟನ್ನು ಅಪಕರ್ಷಿಸುವ ಈಕ್ವಿ ಪ್ರಭೇದ ಕುದುರೆಗಳಲ್ಲಿ ಕಾಲಿನ ದುಗ್ಧನಾಳಗಳ ಹುಣ್ಣನ್ನೂ ಎದೆಯ ಕುರುಗಳನ್ನೂ ತರುತ್ತದೆ. ದನ, ಎಮ್ಮೆಗಳಿಗೂ ತಗುಲಬಹುದು. ಟಿಪ್ಪುವಿನ ಕಾಲದಿಂದ ಕುದುರೆ ಫಾರಂಗೆ ಹೆಸರಾದ ಕುಣಿಗಲ್ ಇರುವ ಜಿಲ್ಲೆಯ ಪಶುವೈದ್ಯರಿಗೆ ಈ ಭೇದ ತಿಳಿದಿರುವುದು ಒಳ್ಳೆಯದು.

ರೋಗಾಣುವಿನ ಬಲ ಇರುವುದು ಎರಡು ವಸ್ತುಗಳಲ್ಲಿ. ಒಂದು, ಫಾಸ್ಫೋಲಿಪೇಸ್ ಡಿ ಎಂಬ ವಿಷ. ಇದನ್ನು ಮುಂದೆ ಪಿಎಲ್‌ಡಿ ಎಂದು ಕರೆಯಲಾಗಿದೆ. ಇದು ಜೀವಕೋಶದ ಪೊರೆಯಲ್ಲಿರುವ ಸ್ಫಿಂಗೊಮಯಲಿನ್ ಎಂಬ ಕೊಬ್ಬಿನ ಪದಾರ್ಥವನ್ನು ಸೀಳುತ್ತದೆ. ಸಣ್ಣ ರಕ್ತನಾಳಗಳ ಗೋಡೆ ಸಡಿಲಗೊಂಡು ದ್ರವ ಹೊರಗೆ ಸೋರುತ್ತದೆ, ಆ ದ್ರವದೊಂದಿಗೆ ರೋಗಾಣು ಗಾಯದ ಜಾಗದಿಂದ ದುಗ್ಧನಾಳಕ್ಕೆ ಇಳಿಯುತ್ತದೆ. ಪಿಎಲ್‌ಡಿ ಜೀನ್ ತೆಗೆದುಹಾಕಿದ ತಳಿಗಳು ಪ್ರಯೋಗಗಳಲ್ಲಿ ದುಗ್ಧಗ್ರಂಥಿಗಳಿಗೆ ಹಬ್ಬಿ ಗಡ್ಡೆ ಕಟ್ಟಲಾರದೆ ಹೋದವು. ಈ ವಿಷದ ಮಹತ್ವ ಖಚಿತವಾದದ್ದು ಆ ಪ್ರಯೋಗಗಳಿಂದ. ಎರಡನೆಯದು ಕೋಶಭಿತ್ತಿಯ ಮೇಲಿನ ಮೈಕೋಲಿಕ್ ಆಮ್ಲದ ಕೊಬ್ಬಿನ ಪದರ. ರೋಗಾಣುವನ್ನು ನುಂಗಿದ ಬಿಳಿ ರಕ್ತಕೋಶಕ್ಕೆ ಅದನ್ನು ಜೀರ್ಣಿಸಲು ಬಿಡದೆ, ಕೊನೆಗೆ ಕೋಶವನ್ನೇ ಸಾಯಿಸುವುದು ಈ ಪದರ.

ಸೋಂಕಿನ ದಾರಿ, ಗಡ್ಡೆಯ ರಚನೆ

ಚರ್ಮದ ಗಾಯವೇ ರೋಗಾಣುವಿನ ಮುಖ್ಯ ಬಾಗಿಲು. ತುಪ್ಪಟ ಕತ್ತರಿಸುವಾಗ ಆಗುವ ಸೀಳು, ಕಿವಿಗೆ ಓಲೆ ಹಾಕುವಾಗಿನ ತೂತು, ಬಳ್ಳಾರಿ ಜಾಲಿಯ ಮುಳ್ಳು, ರೊಪ್ಪದ ಮುಳ್ಳುಬೇಲಿ, ಟಗರುಗಳ ಗುದ್ದಾಟ ಎಲ್ಲವೂ ಸಾಕು. ಬಾಯೊಳಗಿನ ಗೀರಿನಿಂದಲೂ ಒಳಸೇರುತ್ತದೆ. ಒರಟು ಮುಳ್ಳುಗಿಡ ಮೇಯುವ ಮೇಕೆಗಳಲ್ಲಿ ತಲೆ, ಕತ್ತಿನ ಗಡ್ಡೆಗಳು ಹೆಚ್ಚಾಗಿರುವುದಕ್ಕೆ ಇದೊಂದು ಕಾರಣ. ಶ್ವಾಸಕೋಶದಲ್ಲಿ ಗಡ್ಡೆಯಿರುವ ಪ್ರಾಣಿ ಕೆಮ್ಮಿದಾಗ ಹೊರಬೀಳುವ ಹನಿಗಳಿಂದಲೂ ರೋಗ ಹರಡುತ್ತದೆ. ಆದರೆ ಎಲ್ಲಕ್ಕಿಂತ ಅಪಾಯಕಾರಿ ಒಡೆದ ಗಡ್ಡೆಯ ಕೀವು. ಅದರಲ್ಲಿ ರೋಗಾಣು ದಟ್ಟವಾಗಿರುತ್ತದೆ.

ಸೋಂಕು ತಗುಲಿ ಗಡ್ಡೆ ಕೈಗೆ ಸಿಗಲು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು ಬೇಕು. ಹೊರಗಡ್ಡೆಗಳು ಕಿವಿಬುಡ, ದವಡೆಯ ಕೆಳಗೆ, ಭುಜದ ಮುಂದೆ, ತೊಡೆಯ ಮುಂದೆ, ಕೆಚ್ಚಲಿನ ಮೇಲ್ಭಾಗ ಈ ಜಾಗಗಳಲ್ಲಿ ಏಳುತ್ತವೆ. ಒಳಗಡ್ಡೆಗಳು ಶ್ವಾಸಕೋಶ, ಎದೆಗೂಡಿನ ಗ್ರಂಥಿಗಳು, ಯಕೃತ್ತು, ಮೂತ್ರಪಿಂಡಗಳಲ್ಲಿರುತ್ತವೆ. ಕುರಿಗಳಲ್ಲಿ ಇವು ಹೆಚ್ಚು. ಮೇವು ತಿಂದರೂ ಮೈ ಹತ್ತದ, ದಿನೇ ದಿನೇ ಬಡಕಲಾಗುವ ದೊಡ್ಡ ಕುರಿಯಲ್ಲಿ ಒಳಗಡ್ಡೆಯ ಶಂಕೆ ಇರಬೇಕು. ಕುರಿಯ ಹಳೆಯ ಗಡ್ಡೆಯನ್ನು ಕೊಯ್ದರೆ ಈರುಳ್ಳಿಯಂತೆ ಸುತ್ತು ಸುತ್ತಾಗಿ ಪದರಗಳು ಕಾಣುತ್ತವೆ: ಕೀವಿನ ಸುತ್ತ ದೇಹ ಗೋಡೆ ಕಟ್ಟುತ್ತದೆ, ರೋಗಾಣು ಅದನ್ನು ದಾಟುತ್ತದೆ, ದೇಹ ಮತ್ತೆ ಕಟ್ಟುತ್ತದೆ. ಮೇಕೆಯ ಕೀವು ಮೆತ್ತಗೆ, ಪದರವಿಲ್ಲದೆ ಇರುತ್ತದೆ. ಬಣ್ಣ ಬಿಳಿಯಿಂದ ತಿಳಿಹಸಿರು. ಸಾಮಾನ್ಯವಾಗಿ ವಾಸನೆ ಇರುವುದಿಲ್ಲ.

ದವಡೆಯ ಕೆಳಗಿನ ಎಲ್ಲ ಊತವೂ ಈ ರೋಗವಲ್ಲ. ಜಂತುಬಾಧೆಯಿಂದ ರಕ್ತ ಕಡಿಮೆಯಾದ ಕುರಿಯ ಗದ್ದದಡಿ ನೀರು ತುಂಬುತ್ತದೆ. ಆ ಊತ ಮೆತ್ತಗಿರುತ್ತದೆ, ಒತ್ತಿದರೆ ಗುಳಿ ಬೀಳುತ್ತದೆ. ಟ್ರೂಪರೆಲ್ಲಾ, ಸ್ಟ್ಯಾಫಿಲೊಕಾಕಸ್ ರೋಗಾಣುಗಳೂ ಕುರು ಎಬ್ಬಿಸುತ್ತವೆ. ಒಂದೊಂದು ಗಡ್ಡೆಯ ಖಚಿತ ನಿರ್ಣಯಕ್ಕೆ ಕೀವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದೇ ಪ್ರಮಾಣ.

ಪ್ರತಿಕಾಯಗಳು ಹುಟ್ಟುವ ಬಗೆ

ರೋಗಾಣು ದುಗ್ಧಗ್ರಂಥಿ ತಲುಪಿದೊಡನೆ ಅಲ್ಲಿನ ಬಿ ಕೋಶಗಳು ಅದರ ಪ್ರತಿಜನಕಗಳನ್ನು, ಎಂದರೆ ದೇಹ ಪರಕೀಯವೆಂದು ಗುರುತಿಸುವ ಭಾಗಗಳನ್ನು ಹಿಡಿದು ಪ್ರತಿಕಾಯ ತಯಾರಿಸತೊಡಗುತ್ತವೆ. ಮೊದಲು ಬರುವುದು ಐಜಿಎಂ ವರ್ಗ. ಅದರ ಹಿಂದೆಯೇ ಹೆಚ್ಚು ಬಿಗಿಯಾಗಿ ಅಂಟುವ, ಬಹುಕಾಲ ಉಳಿಯುವ ಐಜಿಜಿ ವರ್ಗ. ಪ್ರಯೋಗಾರ್ಥ ಸೋಂಕು ಕೊಟ್ಟ ಪ್ರಾಣಿಗಳಲ್ಲಿ ಅಳೆಯುವಷ್ಟು ಪ್ರತಿಕಾಯ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದೊಳಗೆ ಕಾಣುತ್ತದೆ. ಗಡ್ಡೆ ಕೈಗೆ ಸಿಗಲು ತಿಂಗಳುಗಳು ಬೇಕು. ರಕ್ತ ಅದಕ್ಕಿಂತ ಬಹಳ ಮೊದಲೇ ಸುಳಿವು ಕೊಡುತ್ತದೆ. ಈ ಅಂತರದಲ್ಲೇ ಸೀರಂ (ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ತಿಳಿದ್ರವ) ಪರೀಕ್ಷೆಯ ಪ್ರಯೋಜನವಿದೆ.

ಮುಖ್ಯ ಪ್ರತಿಜನಕಗಳು ಮೂರು ಬಗೆ. ಪಿಎಲ್‌ಡಿ ವಿಷ, ತೂಕ ಸುಮಾರು 31 ಕಿಲೋಡಾಲ್ಟನ್; ಕೋಶಭಿತ್ತಿಯ ಭಾಗಗಳು; ಮತ್ತು ಸಿಪಿ40 ಮುಂತಾಗಿ ರೋಗಾಣು ಹೊರಹಾಕುವ ಇತರ ಪ್ರೋಟೀನುಗಳು. ಇವುಗಳಲ್ಲಿ ಪಿಎಲ್‌ಡಿ ವಿರುದ್ಧದ ಪ್ರತಿಕಾಯಕ್ಕೆ ಹೆಚ್ಚಿನ ಬೆಲೆ, ಏಕೆಂದರೆ ಕೋಶಭಿತ್ತಿಯ ಭಾಗಗಳು ಇದೇ ಬಳಗದ ಬೇರೆ ಬ್ಯಾಕ್ಟೀರಿಯಾಗಳಲ್ಲೂ ಹೋಲುತ್ತವೆ. ಅವುಗಳ ವಿರುದ್ಧದ ಪ್ರತಿಕಾಯ ಅಡ್ಡಪ್ರತಿಕ್ರಿಯೆ ತೋರಿಸಿ ತಪ್ಪು ದಾರಿಗೆ ಎಳೆಯಬಹುದು.

ಪ್ರತಿಕಾಯಗಳ ಕೆಲಸ ಮತ್ತು ಮಿತಿ

ಪಿಎಲ್‌ಡಿ ವಿರುದ್ಧದ ಪ್ರತಿಕಾಯ ವಿಷಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ರಕ್ತನಾಳ ಸೋರುವುದು ನಿಂತರೆ ರೋಗಾಣು ಒಂದು ಗ್ರಂಥಿಯಿಂದ ಇನ್ನೊಂದಕ್ಕೆ ಹಬ್ಬುವುದು ತಗ್ಗುತ್ತದೆ. ಪ್ರತಿವಿಷವುಳ್ಳ ಸೀರಂ ಪಡೆದ ಪ್ರಾಣಿಗಳಲ್ಲಿ ಸೋಂಕಿನ ಹರಡುವಿಕೆ ಕಡಿಮೆಯಾದದ್ದು ಇದಕ್ಕೆ ಸಾಕ್ಷಿ.

ಆದರೆ ಕಟ್ಟಿದ ಗಡ್ಡೆಯನ್ನು ಪ್ರತಿಕಾಯ ಕರಗಿಸಲಾರದು. ರೋಗಾಣು ಇರುವುದು ಬಿಳಿ ರಕ್ತಕೋಶದ ಒಳಗೆ ಮತ್ತು ದಪ್ಪ ಗೋಡೆಯ ನಡುವಿನ ಕೀವಿನಲ್ಲಿ. ರಕ್ತದಲ್ಲಿ ತೇಲುವ ಪ್ರತಿಕಾಯಕ್ಕೆ ಅಲ್ಲಿಗೆ ದಾರಿಯಿಲ್ಲ. ಕೋಶದೊಳಗಿನ ರೋಗಾಣುವನ್ನು ಕೊಲ್ಲಲು ಟಿ ಕೋಶಗಳು ಗ್ಯಾಮಾ ಇಂಟರ್‌ಫೆರಾನ್ ಎಂಬ ಸಂಕೇತ ವಸ್ತುವನ್ನು ಬಿಟ್ಟು ಬಿಳಿ ರಕ್ತಕೋಶಗಳನ್ನು ಚುರುಕುಗೊಳಿಸಬೇಕು. ಆದ್ದರಿಂದ ರಕ್ತದಲ್ಲಿ ಹೆಚ್ಚು ಪ್ರತಿಕಾಯವಿರುವ ಕುರಿ ರೋಗದಿಂದ ಪಾರಾದ ಕುರಿ ಎಂದು ಬಗೆಯುವುದು ತಪ್ಪು. ಬಹುತೇಕ ಅದು ರೋಗಾಣುವನ್ನು ಇನ್ನೂ ಹೊತ್ತಿರುವ ಕುರಿ. ಬೇರೆ ಹಲವು ರೋಗಗಳಲ್ಲಿ ಪ್ರತಿಕಾಯವೆಂದರೆ ರಕ್ಷಣೆ ಎಂದು ಕಲಿತವರು ಇಲ್ಲಿ ಎಡವುವುದು ಹೆಚ್ಚು.

ಗಿಣ್ಣಿನಿಂದ ಬರುವ ಪ್ರತಿಕಾಯ

ಕುರಿ, ಮೇಕೆಗಳ ಮಾಸು ತಾಯಿಯ ಪ್ರತಿಕಾಯವನ್ನು ಗರ್ಭದ ಮರಿಗೆ ದಾಟಿಸುವುದಿಲ್ಲ. ಮರಿಗೆ ಅದು ಸಿಗುವುದು ಗಿಣ್ಣಿನಿಂದ ಮಾತ್ರ, ಅದೂ ಕರುಳು ಪ್ರತಿಕಾಯವನ್ನು ಇಡಿಯಾಗಿ ಹೀರಿಕೊಳ್ಳಬಲ್ಲ ಮೊದಲ ದಿನದೊಳಗೆ. ಸೋಂಕಿತ ಅಥವಾ ಲಸಿಕೆ ಪಡೆದ ತಾಯಿಯ ಮರಿಯ ರಕ್ತದಲ್ಲಿ ಹೀಗೆ ಬಂದ ಪ್ರತಿಕಾಯ ಕೆಲವು ತಿಂಗಳು ಉಳಿದು ಕರಗುತ್ತದೆ. ಹೀಗಾಗಿ ಆರು ತಿಂಗಳೊಳಗಿನ ಮರಿಯ ಧನಾತ್ಮಕ ಫಲಿತಾಂಶಕ್ಕೆ ರೋಗವೆಂಬ ಅರ್ಥ ಕೊಡಬಾರದು.

ಪರೀಕ್ಷಾ ವಿಧಾನಗಳು

ಕತ್ತಿನ ರಕ್ತನಾಳದಿಂದ ಐದು ಮಿಲಿಲೀಟರ್‌ನಷ್ಟು ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಲ್ಲುವ ಸೀರಂ ಅನ್ನು ಬೇರ್ಪಡಿಸಿ ತಂಪಿನಲ್ಲಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬಿಸಿಲಲ್ಲಿ ಕೆಟ್ಟ, ಕೆಂಪಡರಿದ ಸೀರಂ ಹಲವು ಪರೀಕ್ಷೆಗಳಿಗೆ ಒದಗುವುದಿಲ್ಲ.

ಹಳೆಯ ಪದ್ಧತಿಗಳಲ್ಲಿ ರೋಗಾಣುವನ್ನು ಗುಂಪುಗೂಡಿಸುವ ಅಗ್ಲುಟಿನೇಷನ್, ಅಗಾರ್ ಜೆಲ್‌ನಲ್ಲಿ ಗೆರೆ ಮೂಡಿಸುವ ಇಮ್ಯುನೊಡಿಫ್ಯೂಷನ್, ಪರೋಕ್ಷ ಹಿಮಾಗ್ಲುಟಿನೇಷನ್, ಮೊಲ ಅಥವಾ ಇಲಿಯಲ್ಲಿ ಮಾಡುತ್ತಿದ್ದ ವಿಷ ತಟಸ್ಥೀಕರಣ ಪರೀಕ್ಷೆಗಳು ಸೇರಿವೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು.

ಮೊದಲನೆಯದು ಸಹಕ್ರಿಯಾ ರಕ್ತವಿಘಟನ ತಡೆ ಪರೀಕ್ಷೆ. ಪಿಎಲ್‌ಡಿ ತಾನೊಂದೇ ಕೆಂಪು ರಕ್ತಕಣವನ್ನು ಪೂರ್ತಿ ಒಡೆಯುವುದಿಲ್ಲ. ರೋಡೊಕಾಕಸ್ ಈಕ್ವಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಸ್ರಾವ ಜೊತೆಗೂಡಿದರೆ ಕಣಗಳು ಒಡೆದು ದ್ರಾವಣ ಕೆಂಪಾಗುತ್ತದೆ. ಈ ಮಿಶ್ರಣಕ್ಕೆ ಪ್ರಾಣಿಯ ಸೀರಂ ಸೇರಿಸುತ್ತಾರೆ. ಅದರಲ್ಲಿ ಪಿಎಲ್‌ಡಿ ವಿರುದ್ಧ ಪ್ರತಿಕಾಯವಿದ್ದರೆ ವಿಷ ಕಟ್ಟುಬಿದ್ದು ಕಣಗಳು ಉಳಿಯುತ್ತವೆ. ಸೀರಂ ಅನ್ನು ಒಂದಕ್ಕೆರಡಾಗಿ ತೆಳುಗೊಳಿಸುತ್ತ ಹೋಗಿ, ಕಣಗಳನ್ನು ಉಳಿಸಿದ ಕೊನೆಯ ಪ್ರಮಾಣವನ್ನು ಟೈಟರ್ ಎಂದು ದಾಖಲಿಸುತ್ತಾರೆ. ಕುದುರೆಗಳಲ್ಲಿ ಹೊರಗೆ ಗಡ್ಡೆಯಿಲ್ಲದೆ ಟೈಟರ್ 1:512 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳಗಡ್ಡೆಯ ಶಂಕೆ ಪಡುವುದು ರೂಢಿ. ಕುರಿ–ಮೇಕೆಗಳಲ್ಲೂ ಏರಿದ ಟೈಟರ್ ಸಕ್ರಿಯ ಸೋಂಕಿನ ಕಡೆ ಬೊಟ್ಟು ಮಾಡುತ್ತದೆ. ಆದರೆ ಅಂಕಿಯೊಂದರಿಂದಲೇ ಒಳಗಡ್ಡೆ ಇದೆಯೆಂದೋ ಇಲ್ಲವೆಂದೋ ತೀರ್ಮಾನಿಸಲಾಗದು.

ಎರಡನೆಯದು ಎಲೈಸಾ. ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಪ್ರತಿಜನಕವನ್ನು ಅಂಟಿಸಿ, ಸೀರಂ ಹಾಕಿ, ತೊಳೆದು, ಅಂಟಿ ಉಳಿದ ಪ್ರತಿಕಾಯವನ್ನು ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯದಿಂದ ಗುರುತಿಸಿ, ಮೂಡುವ ಬಣ್ಣವನ್ನು ಯಂತ್ರದಲ್ಲಿ ಅಳೆಯುತ್ತಾರೆ. ಒಂದೇ ತಟ್ಟೆಯಲ್ಲಿ ಹತ್ತಾರು ಮಾದರಿ ನೋಡಬಹುದು. ಜೀನ್ ತಂತ್ರದಿಂದ ತಯಾರಿಸಿದ ಶುದ್ಧ ಪಿಎಲ್‌ಡಿ ಬಳಸಿದರೆ ಅಡ್ಡಪ್ರತಿಕ್ರಿಯೆ ತಗ್ಗುತ್ತದೆ. ನೆದರ್ಲೆಂಡ್ಸಿನಲ್ಲಿ ರೋಗ ನಿಯಂತ್ರಣಕ್ಕಾಗಿ ಸುಧಾರಿಸಿ 2000ದಲ್ಲಿ ಪ್ರಕಟಿಸಿದ ಎಲೈಸಾ ಸೋಂಕಿತ ಮೇಕೆಗಳಲ್ಲಿ ಸುಮಾರು ಶೇ 94ನ್ನೂ ಸೋಂಕಿತ ಕುರಿಗಳಲ್ಲಿ ಸುಮಾರು ಶೇ 79ನ್ನೂ ಗುರುತಿಸಿತು. ಆರೋಗ್ಯವಂತ ಪ್ರಾಣಿಗಳನ್ನು ಆರೋಗ್ಯವಂತವೆಂದು ಹೇಳುವಲ್ಲಿ ಅದರ ನಿಖರತೆ ಶೇ 98ರ ಆಸುಪಾಸು.

ಪ್ರತಿಕಾಯವನ್ನು ಬಿಟ್ಟು ಟಿ ಕೋಶಗಳ ನೆನಪನ್ನು ಅಳೆಯುವ ಪರೀಕ್ಷೆಯೂ ಇದೆ. ತಾಜಾ ರಕ್ತಕ್ಕೆ ರೋಗಾಣುವಿನ ಪ್ರತಿಜನಕ ಸೇರಿಸಿ, ಹೊರಬರುವ ಗ್ಯಾಮಾ ಇಂಟರ್‌ಫೆರಾನ್ ಎಷ್ಟೆಂದು ನೋಡುತ್ತಾರೆ. ಪ್ರತಿಕಾಯ ಕುಸಿದ ಹಳೆಯ ಸೋಂಕನ್ನೂ ಇದು ಹಿಡಿಯಬಲ್ಲದು. ರಕ್ತ ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯ ಸೇರಬೇಕಾದ್ದರಿಂದ ಹಟ್ಟಿ, ಹಳ್ಳಿಗಳ ಮಂದೆಗಳಿಗೆ ಇದು ಸದ್ಯಕ್ಕೆ ದುಬಾರಿ ಮತ್ತು ಕಷ್ಟ.

ಫಲಿತಾಂಶವನ್ನು ಓದುವ ಕ್ರಮ

ನೂರು ಕುರಿಗಳ ಮಂದೆಯಲ್ಲಿ 20ಕ್ಕೆ ಸೋಂಕಿದೆ ಎಂದುಕೊಳ್ಳೋಣ. ಮೇಲೆ ಹೇಳಿದ ಸಾಮರ್ಥ್ಯದ ಎಲೈಸಾ ಅವುಗಳಲ್ಲಿ 16ನ್ನು ಹಿಡಿಯುತ್ತದೆ, ನಾಲ್ಕು ತಪ್ಪಿಸಿಕೊಳ್ಳುತ್ತವೆ. ಆರೋಗ್ಯವಾಗಿರುವ 80ರಲ್ಲಿ ಒಂದೋ ಎರಡೋ ತಪ್ಪಾಗಿ ಧನಾತ್ಮಕ ಎನಿಸುತ್ತವೆ. ಮಂದೆಯಲ್ಲಿ ರೋಗವಿದೆಯೇ ಎಂಬ ಪ್ರಶ್ನೆಗೆ ಈ ಉತ್ತರ ಸ್ಪಷ್ಟ. ಆದರೆ ಒಂದು ನಿರ್ದಿಷ್ಟ ಕುರಿಗೆ ಸೋಂಕಿದೆಯೇ ಎಂಬುದಕ್ಕೆ ಒಂದು ಸಲದ ಪರೀಕ್ಷೆ ಸಾಲದು. ಉಳಿದುಹೋದ ನಾಲ್ಕು ಕುರಿ ರೋಗವನ್ನು ಮತ್ತೆ ಹಬ್ಬಿಸಬಲ್ಲವು. ಅದಕ್ಕೇ ನಿಯಂತ್ರಣ ಯೋಜನೆಗಳಲ್ಲಿ ಕೆಲವು ತಿಂಗಳಿಗೊಮ್ಮೆ ಇಡೀ ಮಂದೆಯನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ.

ಸೋಂಕಿದ್ದೂ ಋಣಾತ್ಮಕ ಬರುವುದಕ್ಕೆ ಕಾರಣಗಳು: ಸೋಂಕು ತಗುಲಿ ಇನ್ನೂ ಎರಡು ವಾರವೂ ಆಗಿಲ್ಲದಿರುವುದು, ಹಳೆಯ ಗಡ್ಡೆ ದಪ್ಪ ಗೋಡೆಯಲ್ಲಿ ಮುಚ್ಚಿಹೋಗಿ ಪ್ರತಿಜನಕ ರಕ್ತಕ್ಕೆ ಬಾರದೆ ಪ್ರತಿಕಾಯ ಇಳಿದಿರುವುದು, ಪ್ರಾಣಿ ತೀರ ಬಡಕಲಾಗಿ ಪ್ರತಿರೋಧ ಶಕ್ತಿ ಕುಂದಿರುವುದು. ಸೋಂಕಿಲ್ಲದೆ ಧನಾತ್ಮಕ ಬರುವುದಕ್ಕೆ ಲಸಿಕೆ, ಗಿಣ್ಣು, ಅಡ್ಡಪ್ರತಿಕ್ರಿಯೆಗಳು ಕಾರಣ. ಎರಡರಿಂದ ನಾಲ್ಕು ವಾರದ ಅಂತರದಲ್ಲಿ ತೆಗೆದ ಜೋಡಿ ಮಾದರಿಗಳು ಒಂಟಿ ಮಾದರಿಗಿಂತ ಹೆಚ್ಚು ಹೇಳುತ್ತವೆ. ಟೈಟರ್ ನಾಲ್ಕು ಪಟ್ಟು ಏರಿದ್ದರೆ ಸೋಂಕು ಹೊಸದು, ಚಟುವಟಿಕೆಯಲ್ಲಿದೆ ಎಂದು ತಿಳಿಯಬಹುದು.

ಲಸಿಕೆ

ಪ್ರತಿಕಾಯದ ತಿಳಿವಳಿಕೆ ನೇರವಾಗಿ ಬಳಕೆಗೆ ಬಂದದ್ದು ಲಸಿಕೆಯಲ್ಲಿ. ಫಾರ್ಮಲಿನ್‌ನಿಂದ ವಿಷಗುಣ ತೆಗೆದ ಪಿಎಲ್‌ಡಿಯೇ ಇದರ ತಿರುಳು. ಆಸ್ಟ್ರೇಲಿಯಾದಲ್ಲಿ 1983ರಿಂದ ಗ್ಲಾನ್‌ವ್ಯಾಕ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದು, ಧನುರ್ವಾಯು, ಕರುಳುಬೇನೆಯಂಥ ಕ್ಲಾಸ್ಟ್ರಿಡಿಯಂ ರೋಗಗಳ ಲಸಿಕೆಗಳೊಂದಿಗೆ ಸೇರಿಸಿ ಕೊಡುತ್ತಾರೆ. ಸುಮಾರು ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಲಸಿಕೆ ಪಡೆದ ಮಂದೆಗಳಲ್ಲಿ ಗಡ್ಡೆಗಳ ಸಂಖ್ಯೆ, ಮುಖ್ಯವಾಗಿ ಶ್ವಾಸಕೋಶದ ಗಡ್ಡೆಗಳು ಬಹಳ ಕಡಿಮೆಯಾಗುತ್ತವೆ. ಸೋಂಕು ಸಂಪೂರ್ಣ ನಿಲ್ಲುವುದಿಲ್ಲ. ಈಗಾಗಲೇ ಸೋಂಕಿರುವ ಪ್ರಾಣಿಗೆ ಲಸಿಕೆಯಿಂದ ಗುಣವಾಗದು. ಲಸಿಕೆಯ ಪ್ರತಿಕಾಯವನ್ನೂ ಸೋಂಕಿನ ಪ್ರತಿಕಾಯವನ್ನೂ ಪಿಎಲ್‌ಡಿ ಪರೀಕ್ಷೆ ಬೇರೆ ಮಾಡಿ ತೋರಿಸಲಾರದು. ಆದ್ದರಿಂದ ಒಂದು ಮಂದೆಯಲ್ಲಿ ಪರೀಕ್ಷಿಸಿ ಬೇರ್ಪಡಿಸುವ ದಾರಿ ಹಿಡಿಯಬೇಕೋ ಲಸಿಕೆಯ ದಾರಿ ಹಿಡಿಯಬೇಕೋ ಎಂಬುದನ್ನು ಮೊದಲೇ ನಿರ್ಧರಿಸಬೇಕಾಗುತ್ತದೆ. ಪಿಎಲ್‌ಡಿ ಜೀನ್ ತೆಗೆದ ಜೀವಂತ ತಳಿಗಳನ್ನು ಲಸಿಕೆಯಾಗಿ ಬಳಸುವ ಸಂಶೋಧನೆ 1990ರ ದಶಕದಿಂದ ನಡೆದಿದೆ.

ಮಂದೆಯಲ್ಲಿ ನಿಯಂತ್ರಣ

ಗಡ್ಡೆಯ ಗೋಡೆ ದಾಟಿ ಕೀವನ್ನು ತಲುಪುವಲ್ಲಿ ಆ್ಯಂಟಿಬಯಾಟಿಕ್‌ಗಳು ಸೋಲುತ್ತವೆ. ಹೊರಗಡ್ಡೆ ಮಾಗಿ ಕೂದಲು ಉದುರಿದಾಗ, ಅದು ತಾನಾಗಿ ಒಡೆಯುವ ಮೊದಲೇ ಪ್ರಾಣಿಯನ್ನು ಮಂದೆಯಿಂದ ಬೇರ್ಪಡಿಸಿ, ಪಶುವೈದ್ಯರಿಂದ ಕೊಯ್ಸಿ, ಪೊವಿಡೋನ್ ಅಯೋಡಿನ್ ದ್ರಾವಣದಿಂದ ತೊಳೆಸಬೇಕು. ಕೀವನ್ನೂ ಒರೆಸಿದ ಹತ್ತಿಯನ್ನೂ ಸುಡಬೇಕು. ರೊಪ್ಪದ ನೆಲಕ್ಕೆ ಬಿದ್ದ ಕೀವು ಮುಂದಿನ ಎಷ್ಟೋ ಮರಿಗಳಿಗೆ ರೋಗದ ಮೂಲವಾಗುತ್ತದೆ. ಗಾಯ ಪೂರ್ತಿ ಮಾಯುವವರೆಗೆ ಆ ಪ್ರಾಣಿ ಮಂದೆಗೆ ಮರಳಬಾರದು.

ತುಪ್ಪಟ ಕತ್ತರಿಸುವಾಗ ಎಳೆಯ ಕುರಿಗಳಿಂದ ಆರಂಭಿಸಿ ಗಡ್ಡೆಯಿರುವುದನ್ನು ಕೊನೆಗೆ ಇಟ್ಟುಕೊಳ್ಳುವುದು, ನಡುನಡುವೆ ಕತ್ತರಿಯನ್ನು ಸೋಂಕುನಾಶಕದಲ್ಲಿ ಅದ್ದುವುದು ಖರ್ಚಿಲ್ಲದ ಕ್ರಮಗಳು. ಬಳ್ಳಾರಿ ತಳಿಯಂಥ ತುಪ್ಪಟದ ಕುರಿಗಳಲ್ಲಿ ಇದರ ಪ್ರಯೋಜನ ಹೆಚ್ಚು. ಬನ್ನೂರು ಕುರಿಗಳಂತೆ ಕೂದಲು ಕಡಿಮೆಯಿರುವ ತಳಿಗಳಲ್ಲಿ ಮುಳ್ಳು, ಗುದ್ದಾಟದ ಗಾಯಗಳ ಕಡೆಗೇ ಹೆಚ್ಚು ಗಮನ ಬೇಕು. ಸಂತೆಯಿಂದ ತಂದ ಪ್ರಾಣಿಯನ್ನು ಬೇರೆ ಕಟ್ಟಿ, ಸಾಧ್ಯವಿದ್ದರೆ ಕನಿಷ್ಠ ಒಂದು ತಿಂಗಳ ಅಂತರದಲ್ಲಿ ಎರಡು ಸಲ ಸೀರಂ ಪರೀಕ್ಷೆ ಮಾಡಿಸಿ ಮಂದೆಗೆ ಸೇರಿಸುವುದು ಉತ್ತಮ.

ಮನುಷ್ಯರಲ್ಲಿ

ಮನುಷ್ಯರಿಗೆ ಈ ಸೋಂಕು ಅಪರೂಪವಾಗಿ ತಗುಲುತ್ತದೆ. ಮೊದಲ ಪ್ರಕರಣ ವರದಿಯಾದದ್ದು 1966ರಲ್ಲಿ. ಕುರಿ ಸಾಕುವವರು, ತುಪ್ಪಟ ಕತ್ತರಿಸುವವರು, ಮಾಂಸದ ಕೆಲಸದವರು, ಪಶುವೈದ್ಯರಲ್ಲಿ ಕಂಕುಳು, ಕತ್ತು, ತೊಡೆಸಂದಿಯ ಗ್ರಂಥಿಗಳು ಬಹುಕಾಲ ಊದಿರುತ್ತವೆ. ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನು ತೆಗೆದು ದೀರ್ಘಕಾಲ ಆ್ಯಂಟಿಬಯಾಟಿಕ್ ಕೊಡುವುದು ಚಿಕಿತ್ಸೆ. ಬರಿಗೈಯಲ್ಲಿ ಗಡ್ಡೆ ಹಿಸುಕುವುದು ಅಪಾಯಕರ.

ಇಂದಿನ ಸ್ಥಿತಿ

ಕೀವುಗಡ್ಡೆ ರೋಗ ಪ್ರಪಂಚದ ಕುರಿ ಸಾಕುವ ದೇಶಗಳಲ್ಲೆಲ್ಲ ಇದೆ, ಭಾರತದಲ್ಲೂ ಇದೆ. ಕುರಿ–ಮೇಕೆಗಳ ರೋಗಗಳಲ್ಲಿ ಸರ್ಕಾರದ ಮುಖ್ಯ ಗಮನ ಪಿಪಿಆರ್ (ಕುರಿ–ಮೇಕೆಗಳ ಪ್ಲೇಗ್) ಮೇಲಿದೆ. ಅದನ್ನು 2030ರೊಳಗೆ ಜಗತ್ತಿನಿಂದಲೇ ಅಳಿಸುವ ಗುರಿಯಿದೆ. ಕೀವುಗಡ್ಡೆ ರೋಗಕ್ಕೆ ಅಂಥ ರಾಷ್ಟ್ರೀಯ ಕಾರ್ಯಕ್ರಮವಿಲ್ಲ, ದೇಶದಲ್ಲಿ ಸಾಮಾನ್ಯ ಬಳಕೆಯ ಲಸಿಕೆಯೂ ಇಲ್ಲ. ಇದು ಮಂದೆಯನ್ನು ಒಂದೇ ವಾರದಲ್ಲಿ ಬರಿದು ಮಾಡುವುದಿಲ್ಲ. ತೂಕ, ಹಾಲು, ತುಪ್ಪಟ, ಚರ್ಮ, ಮಾಂಸಗಳಲ್ಲಿ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ನಷ್ಟ ತರುತ್ತದೆ. ಲೆಕ್ಕಕ್ಕೆ ಸಿಗದ ಈ ನಷ್ಟವನ್ನು ಹೊರುವವರು ಸಣ್ಣ ಕುರಿಗಾರರು.

ಕರ್ನಾಟಕದಲ್ಲಿ ಅಗತ್ಯವಾದ ಸಂಸ್ಥೆಗಳಿಗೆ ಕೊರತೆಯಿಲ್ಲ. ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಸಂಸ್ಥೆಯಾಗಿ ಆರಂಭವಾದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ರೋಗಪತ್ತೆ ಮತ್ತು ಲಸಿಕೆ ತಯಾರಿಕೆ ಎರಡನ್ನೂ ಮಾಡುತ್ತದೆ. ಯಲಹಂಕದಲ್ಲಿರುವ ಕೇಂದ್ರ ಸರ್ಕಾರದ ಪಶುರೋಗ ಸಾಂಕ್ರಾಮಿಕಶಾಸ್ತ್ರ ಸಂಸ್ಥೆ ನಿವೇದಿ, ದೇಶದಾದ್ಯಂತದ ಸೀರಂ ಮಾದರಿಗಳ ಸಮೀಕ್ಷೆಯಲ್ಲಿ ಪರಿಣತ. ಎರಡೂ ತುಮಕೂರಿನಿಂದ ಎರಡು ಗಂಟೆಯ ಹಾದಿಯೊಳಗಿವೆ. ಸತ್ತ ಕುರಿ–ಮೇಕೆಗಳಿಗೆ ಪರಿಹಾರ ಕೊಡುವ ರಾಜ್ಯದ ಅನುಗ್ರಹ ಯೋಜನೆಯಿಂದಾಗಿ ಸತ್ತ ಪ್ರಾಣಿ ಪಶುವೈದ್ಯರ ಕಣ್ಣಿಗೆ ಬೀಳುವ ಸಂದರ್ಭಗಳೂ ಹೆಚ್ಚಿವೆ. ಆಗ ಶ್ವಾಸಕೋಶ, ಯಕೃತ್ತು, ಎದೆಗೂಡಿನ ಗ್ರಂಥಿಗಳನ್ನು ಕೊಯ್ದು ನೋಡಿ, ಕೀವಿನ ಮಾದರಿ ಕಳಿಸಿ, ಅದೇ ಮಂದೆಯ ಉಳಿದ ಪ್ರಾಣಿಗಳ ಸೀರಂ ತೆಗೆದರೆ ಕೀವನ್ನು ಬೆಳೆಸಿ ನೋಡಿದ ಫಲಿತಾಂಶ ಮತ್ತು ಪ್ರತಿಕಾಯದ ಅಳತೆ ಎರಡನ್ನೂ ತಾಳೆ ನೋಡಬಹುದು. ಸ್ಥಳೀಯ ತಳಿಗಳಿಗೆ ಎಲೈಸಾದಲ್ಲಿ ಧನಾತ್ಮಕವನ್ನೂ ಋಣಾತ್ಮಕವನ್ನೂ ಬೇರ್ಪಡಿಸುವ ಗಡಿ ಅಂಕಿಯನ್ನು ನಿಗದಿ ಮಾಡಲು ಇಂಥ ಜೋಡಿ ಮಾಹಿತಿ ಬೇಕೇ ಬೇಕು. ಡಚ್ ಮೇಕೆಗೆ ಹೊಂದಿಸಿದ ಅಂಕಿ ನಂದಿದುರ್ಗ ಮೇಕೆಗೂ ಬಳ್ಳಾರಿ ಕುರಿಗೂ ಹಾಗೆಯೇ ಹೊಂದುತ್ತದೆಂದು ಪರೀಕ್ಷಿಸದೆ ಒಪ್ಪಲಾಗದು.